ಒಂದು ಹಲ್ಲು, ಒಂದು ಹೆಸರು

(ಬಾನುಲಿ ಭಾಷಣ)

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಜೊತೆಯಲ್ಲಿ ಅವರ 11 ವರ್ಷದ ಮಗಳು. ಕುಶಲಪ್ರಶ್ನೆ, ಕಾಫಿ ಎಲ್ಲ ಮುಗಿದ ಮೇಲೆ ಆ ಹುಡುಗಿ ಚೀಲದಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟಳು. ಒಳಗೆ ಹತ್ತಿಯ ಹಾಸಿನ ಮೇಲೆ ಕಂದು ಬಣ್ಣದ ಒಂದು ಹಲ್ಲು. ಮೂರು ಸೆಂಟಿಮೀಟರಿಗಿಂತ ತುಸು ಉದ್ದ, ಚಪ್ಪಟೆಯಾದದ್ದು, ಚೂಪಾದದ್ದು, ಅಂಚಿನಲ್ಲಿ ಕುಡುಗೋಲಿನ ಕಕ್ಕಿನಂತೆ ಸಾಲಾಗಿ ಸಣ್ಣ ಮೊನೆಗಳು. ಜೊತೆಗೊಂದು ಅಚ್ಚಾದ ಚೀಟಿ: ‘ಡೆಲ್ಟಾಡ್ರೋಮಿಯಸ್ ಡೈನೊಸಾರಿನ ಹಲ್ಲು. ಮೊರಾಕೊ. ಸುಮಾರು 10 ಕೋಟಿ ವರ್ಷ ಹಳೆಯದು.’

ಹುಡುಗಿಗೆ ಪಳೆಯುಳಿಕೆಗಳ ಹುಚ್ಚು. ಹುಟ್ಟುಹಬ್ಬಕ್ಕೆಂದು ತಂದೆ ವಿದೇಶದ ವ್ಯಾಪಾರಿಯೊಬ್ಬನಿಂದ ಅದನ್ನು ತರಿಸಿಕೊಟ್ಟಿದ್ದರು. ಈಗ ಅದೇ ವ್ಯಾಪಾರಿ ಇನ್ನೂ ದೊಡ್ಡದೊಂದು ಹಲ್ಲಿನ ಚಿತ್ರವನ್ನು ಕಳಿಸಿ, ಮೊದಲಿನದಕ್ಕಿಂತ ಎಂಟು ಪಟ್ಟು ಬೆಲೆ ಹೇಳಿದ್ದ. “ಮೇಷ್ಟ್ರೇ, ಎರಡನೆಯದಕ್ಕೆ ದುಡ್ಡು ಕಟ್ಟುವ ಮೊದಲು ಇದು ನಿಜವೋ ಸುಳ್ಳೋ ತಿಳಿಯಬೇಕು” ಎಂದರು ನನ್ನ ವಿದ್ಯಾರ್ಥಿ. “ಹಲ್ಲಿನ ವಿಚಾರ ನನಗೇನಯ್ಯ ಗೊತ್ತು? ನಾನು ಪಾಠ ಹೇಳಿದ್ದು ಕನ್ನಡ” ಎಂದೆ. ಅವರು ನಕ್ಕು, “ಒಂದು ಬಿಡಿ ಪದ್ಯವನ್ನು ಮುಂದಿಟ್ಟುಕೊಂಡು, ಇದು ಯಾರದು, ಯಾರದೆಂದು ಹೇಳಲು ನಮಗೇನು ಅಧಿಕಾರ ಎಂದು ಒಂದು ಗಂಟೆ ವಿಚಾರಣೆ ನಡೆಸುತ್ತಿದ್ದವರು ನೀವೇ ಅಲ್ಲವೆ?” ಎಂದರು.

ಆ ಮಾತು ನನ್ನನ್ನು ಕೆಣಕಿತು. ಮುಂದಿನ ಕೆಲವು ವಾರ ನಾನು ಗ್ರಂಥಾಲಯಕ್ಕೂ, ಭೂವಿಜ್ಞಾನ ಕಲಿಸಿ ನಿವೃತ್ತರಾದ ಮಿತ್ರರೊಬ್ಬರ ಮನೆಗೂ ಅಲೆದೆ. ಅಲ್ಲಿ ಕಲಿತದ್ದನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿದವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಮೂರು ಸಾಲಿನ ಪದ್ಯವೊಂದರ ಕೊನೆಗೆ ‘ಸರ್ವಜ್ಞ’ ಎಂಬ ಮಾತಿದ್ದರೆ ಸಾಕು, ಜನ ಅದನ್ನು ಅವನದೆಂದೇ ಒಪ್ಪುತ್ತಾರೆ. ಊರೂರಿನ ಜಾಣರು ಕಟ್ಟಿದ ಎಷ್ಟೋ ಪದ್ಯಗಳು ಹೀಗೆ ಅವನ ಹೆಸರಿನ ನೆರಳಿನಲ್ಲಿ ಬಂದು ಸೇರಿಕೊಂಡಿವೆ. ಪದ್ಯ ಸುಳ್ಳಲ್ಲ, ಅದನ್ನು ಯಾರೋ ಕಟ್ಟಿದ್ದು ನಿಜ. ಸಂಶಯವಿರುವುದು ಅದಕ್ಕೆ ಅಂಟಿದ ಹೆಸರಿನಲ್ಲಿ. ದವಡೆಯಿಂದ ಬೇರ್ಪಟ್ಟು ಒಂಟಿಯಾಗಿ ದೊರೆತ ಡೈನೊಸಾರಿನ ಹಲ್ಲಿನ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಇಂಥ ಒಂಟಿ ಹಲ್ಲುಗಳು ಇಷ್ಟೊಂದು ಸಂಖ್ಯೆಯಲ್ಲಿ ದೊರೆಯುವುದೇಕೆ ಎಂಬುದು ಮೊದಲ ಪ್ರಶ್ನೆ. ನಮಗೆ ಹಾಲುಹಲ್ಲು ಬಿದ್ದು ಒಂದು ಸಲ ಹೊಸ ಹಲ್ಲು ಹುಟ್ಟಿದರೆ ಮುಗಿಯಿತು. ಡೈನೊಸಾರ್‌ಗಳಿಗೆ ಆ ಮಿತಿಯಿರಲಿಲ್ಲ. ಇಂದಿನ ಮೊಸಳೆಗಳಿಗಿರುವಂತೆ ಅವುಗಳಿಗೆ ಬದುಕಿನುದ್ದಕ್ಕೂ ಹಳೆಯ ಹಲ್ಲು ಬಿದ್ದು ಹೊಸದು ಬರುತ್ತಿತ್ತು. ಹಲ್ಲಿನೊಳಗೆ ದಿನಕ್ಕೊಂದರಂತೆ ಮೂಡುವ ಸೂಕ್ಷ್ಮ ಗೆರೆಗಳನ್ನು ಎಣಿಸಿ ವಿಜ್ಞಾನಿಗಳು ಇದರ ಲೆಕ್ಕ ಕಟ್ಟಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸೊಪ್ಪು ತಿನ್ನುವ ದೈತ್ಯ ಡಿಪ್ಲೊಡೋಕಸ್ ಒಂದೊಂದು ಹಲ್ಲಿನ ಗೂಡಿನಲ್ಲಿಯೂ ಸುಮಾರು 35 ದಿನಕ್ಕೊಮ್ಮೆ ಹೊಸ ಹಲ್ಲನ್ನು ಪಡೆಯುತ್ತಿತ್ತು. ಅದರ ಬಂಧುವಾದ ಕ್ಯಾಮರಸಾರಸ್ ಸುಮಾರು 62 ದಿನಕ್ಕೊಮ್ಮೆ. ಮಡಗಾಸ್ಕರಿನ ಮಾಂಸಾಹಾರಿ ಮಜುಂಗಸಾರಸ್‌ಗೆ ಸುಮಾರು 56 ದಿನ ಸಾಕಾಗುತ್ತಿತ್ತೆಂದು 2019ರ ಅಧ್ಯಯನ ಹೇಳುತ್ತದೆ. ಅಂದಮೇಲೆ ಒಂದು ಪ್ರಾಣಿ ತಾನು ಬದುಕಿದ್ದಾಗಲೇ ನೂರಾರು ಹಲ್ಲುಗಳನ್ನು ನೆಲಕ್ಕೆ ಉದುರಿಸಿ ಹೋಗಿರುತ್ತದೆ. ಸತ್ತ ಮೇಲೆ ಉಳಿಯುವುದು ಒಂದೇ ಅಸ್ಥಿಪಂಜರ, ಅದೂ ಉಳಿದರೆ ಮಾತ್ರ. ಹಲ್ಲಿನ ಹೊರಗಿನ ಎನಾಮಲ್ ಪೊರೆಯಾದರೋ ದೇಹದಲ್ಲೆಲ್ಲ ಗಟ್ಟಿಯಾದ ವಸ್ತು. ಮೂಳೆ ಕರಗಿದ ಎಡೆಯಲ್ಲಿಯೂ ಅದು ಉಳಿಯುತ್ತದೆ. ಬಹುಪಾಲು ಹಲ್ಲುಗಳಿಗೆ ಬೇರು ಇಲ್ಲದಿರುವುದೂ ಇದೇ ಕಾರಣದಿಂದ. ಕೆಳಗಿನಿಂದ ಹೊಸ ಹಲ್ಲು ಒತ್ತಿ ಬರುವಾಗ ಹಳೆಯದರ ಬೇರು ಕರಗಿಹೋಗುತ್ತದೆ; ತಲೆಯಷ್ಟೇ ಕಳಚಿ ಬೀಳುತ್ತದೆ.

ಹಲ್ಲಿನಿಂದ ಪ್ರಾಣಿಯನ್ನು ಹೇಳುವ ಸಾಹಸ ಡೈನೊಸಾರ್ ಎಂಬ ಹೆಸರಿಗಿಂತಲೂ ಹಳೆಯದು. ಆ ಹೆಸರನ್ನು ರಿಚರ್ಡ್ ಓವೆನ್ ಟಂಕಿಸಿದ್ದು 1842ರಲ್ಲಿ. ಅದಕ್ಕೆ 20 ವರ್ಷ ಮುಂಚೆಯೇ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನ ವೈದ್ಯ ಗಿಡಿಯನ್ ಮ್ಯಾಂಟೆಲ್‌ನ ಬಳಿ, ಕಲ್ಲುಗಣಿಯಿಂದ ಬಂದ ಕೆಲವು ವಿಚಿತ್ರ ಹಲ್ಲುಗಳಿದ್ದವು. ತುದಿ ಸವೆದು ಚಪ್ಪಟೆಯಾಗಿದ್ದ ಆ ಹಲ್ಲುಗಳು ಸೊಪ್ಪು ಅಗಿಯುವ ಪ್ರಾಣಿಯವು ಎಂಬುದು ಸ್ಪಷ್ಟವಾಗಿತ್ತು. ಆದರೆ ಅಷ್ಟು ಹಳೆಯ ಶಿಲೆಯಲ್ಲಿ ಅಂಥ ಪ್ರಾಣಿ ಎಲ್ಲಿಯದು? ಲಂಡನ್ನಿನ ಪಂಡಿತರು ಅವನ್ನು ಲಘುವಾಗಿ ಕಂಡರು. 1823ರಲ್ಲಿ ಚಾರ್ಲ್ಸ್ ಲಯೆಲ್ ಒಂದು ಹಲ್ಲನ್ನು ಪ್ಯಾರಿಸಿಗೆ ಒಯ್ದು, ಆ ಕಾಲದ ಮಹಾವಿದ್ವಾಂಸ ಕುವಿಯೆಗೆ ತೋರಿಸಿದ. ಕುವಿಯೆ ನೋಡಿ, ಖಡ್ಗಮೃಗದ ಮೇಲುದವಡೆಯ ಬಾಚಿಹಲ್ಲು ಎಂದ. ಮ್ಯಾಂಟೆಲ್ ಅಷ್ಟಕ್ಕೇ ಕೈಬಿಡಲಿಲ್ಲ. ಲಂಡನ್ನಿನ ಹಂಟರ್ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿದ್ದ ಹಲ್ಲುಗಳೊಡನೆ ತನ್ನ ಹಲ್ಲನ್ನು ಹೋಲಿಸಿ ನೋಡತೊಡಗಿದ. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮುಯೆಲ್ ಸ್ಟಚ್‌ಬರಿ ಎಂಬಾತ, ಇದು ಇಗ್ವಾನ ಎಂಬ ಓತಿಯ ಹಲ್ಲನ್ನು ಹೋಲುತ್ತದೆ, ಅದರ ಎಷ್ಟೋ ಪಟ್ಟು ದೊಡ್ಡದಾಗಿದೆ, ಅಷ್ಟೇ ಎಂದು ತೋರಿಸಿಕೊಟ್ಟ. 1825ರಲ್ಲಿ ಮ್ಯಾಂಟೆಲ್ ಆ ಪ್ರಾಣಿಗೆ ಇಗ್ವಾನೊಡಾನ್, ಅಂದರೆ ಇಗ್ವಾನದ ಹಲ್ಲುಳ್ಳದ್ದು, ಎಂದು ಹೆಸರಿಟ್ಟ. ಅಷ್ಟರೊಳಗೆ ಕುವಿಯೆಯೂ ತನ್ನ ತಪ್ಪನ್ನು ಒಪ್ಪಿಕೊಂಡಿದ್ದ. ಮಹಾವಿದ್ವಾಂಸನೂ ಒಂಟಿ ಹಲ್ಲಿನ ಮುಂದೆ ತಪ್ಪಬಲ್ಲ; ಎರಡು ಹಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಕಣ್ಣು ಗೆಲ್ಲಬಲ್ಲದು.

ಆದರೆ ಇದೇ ಸಾಹಸದ ಇನ್ನೊಂದು ಮುಖವೂ ಉಂಟು. 1856ರಲ್ಲಿ ಅಮೆರಿಕದ ಜೋಸೆಫ್ ಲೈಡಿ, ಈಗಿನ ಮೊಂಟಾನ ಪ್ರದೇಶದಿಂದ ಬಂದ ಬಿಡಿ ಹಲ್ಲುಗಳನ್ನು ನೋಡಿ ಡೈನೊಡಾನ್, ಟ್ರಾಕೊಡಾನ್, ಟ್ರೂಡಾನ್, ಪ್ಯಾಲಿಯೊಸಿಂಕಸ್ ಎಂಬ ನಾಲ್ಕು ಹೆಸರುಗಳನ್ನಿಟ್ಟ. ಅವನು ದೊಡ್ಡ ವಿದ್ವಾಂಸ. ಅವನ ಕಾಲಕ್ಕೆ ಅದು ನ್ಯಾಯವಾದ ಕೆಲಸವೂ ಹೌದು. ಮುಂದೆ ಅದೇ ಸೀಮೆಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕಿದಾಗ ತೊಡಕು ತಲೆದೋರಿತು. ಡೈನೊಡಾನ್ ಎಂದು ಕರೆದ ಹಲ್ಲು ಅಲ್ಲಿದ್ದ ಒಂದಕ್ಕಿಂತ ಹೆಚ್ಚು ದೊಡ್ಡ ಮಾಂಸಾಹಾರಿಗಳ ಬಾಯಿಗೆ ಸಮನಾಗಿ ಒಪ್ಪುತ್ತಿತ್ತು. ಟ್ರಾಕೊಡಾನ್ ಹಲ್ಲು ಬಾತುಮೂತಿಯ ಎಷ್ಟೋ ಬಗೆಯ ಡೈನೊಸಾರ್‌ಗಳಿಗೆ ಹೊಂದುತ್ತಿತ್ತು. ಟ್ರೂಡಾನನ್ನು ಲೈಡಿ ಹಲ್ಲಿಯೆಂದೇ ಎಣಿಸಿದ್ದ. ಬಹುಕಾಲದ ಮೇಲೆ ಅದು ಹಕ್ಕಿಗಳಿಗೆ ಹತ್ತಿರದ ಡೈನೊಸಾರ್ ಎಂದು ತಿಳಿಯಿತು. ಆ ಹೆಸರಿನಡಿ ಸೇರಿಸಿದ್ದ ಅಸ್ಥಿಗಳನ್ನು 2017ರಲ್ಲಿ ಮತ್ತೆ ಬೇರ್ಪಡಿಸಿ ಬೇರೆ ಹೆಸರುಗಳಡಿ ಇಡಬೇಕಾಯಿತು. ಹಲ್ಲಿನ ಮೇಲೆ ಕಟ್ಟಿದ ಹೆಸರು ಹಲ್ಲಿನಂತೆಯೇ ಉದುರುವುದುಂಟು. ಲೈಡಿಯ ಮಟ್ಟದ ವಿದ್ವಾಂಸನ ಹೆಸರುಗಳೇ ಹೀಗಾದ ಮೇಲೆ, ಸಂತೆಯ ವ್ಯಾಪಾರಿ ಬರೆದ ಚೀಟಿಯನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಹಾಗೆಂದು ಬಿಡಿ ಹಲ್ಲಿನಿಂದ ಏನನ್ನೂ ಹೇಳಲಾಗದು ಎಂದು ಕೈಚೆಲ್ಲಬೇಕಾಗಿಲ್ಲ. ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿಕೊಳ್ಳಬೇಕು. ನನ್ನ ಭೂವಿಜ್ಞಾನಿ ಮಿತ್ರರು ನಾಲ್ಕು ಪ್ರಶ್ನೆಗಳನ್ನು ಹೇಳಿಕೊಟ್ಟರು. ಇದು ಒಂದೇ ಹಲ್ಲೆ? ಡೈನೊಸಾರಿನದೆ? ಯಾವ ಮನೆತನದ್ದು? ಎಲ್ಲಿ ಸಿಕ್ಕಿದ್ದು?

‘ಇದು ಒಂದೇ ಹಲ್ಲೆ’ ಎಂಬ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಆದರೆ ಮಾರುಕಟ್ಟೆಯಲ್ಲಿ ಒಂದರ ತುದಿಯನ್ನು ಇನ್ನೊಂದರ ಬುಡಕ್ಕೆ ಕೂಡಿಸಿದ ಹಲ್ಲುಗಳು, ಒಂದರ ಬೇರನ್ನು ಇನ್ನೊಂದಕ್ಕೆ ಅಂಟಿಸಿದ ಹಲ್ಲುಗಳು ಬೇಕಾದಷ್ಟಿವೆ. ಅಂಟಿನಲ್ಲಿ ಅಲ್ಲಿಯದೇ ಮರಳನ್ನು ಕಲಸಿ ಸಂದಿಗೆ ಮೆತ್ತಿದರೆ, ಸಂದಿ ಸಹಜವಾದ ಮಣ್ಣಿನಂತೆ ಕಾಣುತ್ತದೆ. ಆದ್ದರಿಂದ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಹಿಡಿದು, ಎನಾಮಲ್ಲಿನ ಮೇಲಿನ ಗೆರೆ, ಬಿರುಕು, ಬಣ್ಣ ಇವು ಬುಡದಿಂದ ತುದಿಯವರೆಗೆ ಎಡೆಬಿಡದೆ ಸಾಗುತ್ತವೆಯೇ ನೋಡಬೇಕು. ಹಲ್ಲಿಗೆ ಅಡ್ಡಲಾಗಿ ಮರಳಿನ ಪಟ್ಟಿಯೊಂದು ಸುತ್ತುವರಿದಿದ್ದರೆ ಅಲ್ಲಿ ಸಂಶಯಪಡಬೇಕು. ಪಟ್ಟಿಯ ಮೇಲಿನ ಕಕ್ಕಿನ ಸಾಲಿಗೂ ಕೆಳಗಿನದಕ್ಕೂ ಹೊಂದಾಣಿಕೆ ತಪ್ಪಿದ್ದರೆ ಸಂಶಯ ಬಲವಾಗುತ್ತದೆ. ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಅಂಟು ಅನೇಕ ವೇಳೆ ಹಲ್ಲಿಗಿಂತ ಬೇರೆಯಾಗಿ ಹೊಳೆಯುತ್ತದೆ. ಅಚ್ಚಿನಲ್ಲಿ ಎರೆದ ರಾಳದ ಹಲ್ಲಾದರೆ ಕೈಗೆ ಹಗುರ, ಮುಟ್ಟಿದರೆ ತಂಪಿಲ್ಲ. ಕನ್ನಡಿಯಲ್ಲಿ ನೋಡಿದರೆ ಗಾಳಿಗುಳ್ಳೆಗಳ ಗುರುತು ಕಾಣಬಹುದು. ದವಡೆಯ ತುಂಡಿನಲ್ಲಿ ಸಾಲಾಗಿ ಹಲ್ಲು ಕೂಡಿಸಿದಂತಿರುವ ಆಕರ್ಷಕ ವಸ್ತುವನ್ನಂತೂ ತಿಳಿದವರಿಗೆ ತೋರಿಸದೆ ಕೊಳ್ಳಬಾರದು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮುರಿದ ಹಲ್ಲನ್ನು ಅದರದೇ ತುಂಡುಗಳಿಂದ ಕೂಡಿಸುವುದು ಮೋಸವಲ್ಲ. ತಾಳೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ನಾವು ಊಹಿಸಿ ತುಂಬುವುದಿಲ್ಲವೆ? ಆದರೆ ಸಂಪಾದಕನಾದವನು ತಾನು ತುಂಬಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಓದುಗನಿಗೆ ಯಾವುದು ಗರಿಯದು, ಯಾವುದು ತನ್ನದು ಎಂದು ತಿಳಿಸುತ್ತಾನೆ. ವ್ಯಾಪಾರಿಯಿಂದಲೂ ನಾವು ಅಪೇಕ್ಷಿಸಬೇಕಾದದ್ದು ಆ ಕಂಸವನ್ನೇ.

ಎರಡನೆಯ ಪ್ರಶ್ನೆ, ಇದು ಡೈನೊಸಾರಿನದೆ ಎಂಬುದು. ಹಳೆಯದಾದ ಚೂಪು ಹಲ್ಲೆಲ್ಲ ಡೈನೊಸಾರಿನದಲ್ಲ. ಮೊರಾಕೊದ ಫಾಸ್ಫೇಟ್ ಗಣಿಗಳಿಂದ ಹೇರಳವಾಗಿ ಬರುವ ಮೋಸಸಾರ್ ಹಲ್ಲುಗಳು ಸಮುದ್ರದ ಉರಗಗಳವು. ಅವು ಹಲ್ಲಿ, ಹಾವುಗಳ ಬಳಗಕ್ಕೆ ಸೇರಿದವು. ಅದೇ ದೇಶದ ಆಗ್ನೇಯದಲ್ಲಿ, ಅಲ್ಜೀರಿಯದ ಗಡಿಗೆ ಹತ್ತಿರವಾಗಿ, ಕೆಮ್ ಕೆಮ್ ಎಂಬ ಶಿಲಾಸ್ತರಗಳಿವೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ದೊಡ್ಡ ನದಿಗಳು ಹರಿದು ಬಿಟ್ಟ ಮರಳಿನಿಂದಾದ ಸ್ತರಗಳು ಅವು. ನಮ್ಮ ಹುಡುಗಿಯ ಹಲ್ಲು ಬಂದದ್ದು ಅಲ್ಲಿಂದಲೇ ಎಂದು ತೋರುತ್ತದೆ. ಅಲ್ಲಿ ಡೈನೊಸಾರ್‌ಗಳ ಜೊತೆಗೆ ಮೊಸಳೆಗಳು, ಹಾರುವ ಉರಗಗಳು, ಭಾರಿ ಮೀನುಗಳು ಎಲ್ಲವುಗಳ ಹಲ್ಲುಗಳೂ ಬೆರೆತು ಸಿಕ್ಕುತ್ತವೆ.

ಅಲ್ಲಿ ಹೆಚ್ಚಾಗಿ ಗೊಂದಲವಾಗುವುದು ಸ್ಪೈನೊಸಾರಸ್ ಬಳಗದ ಹಲ್ಲಿಗೂ ಮೊಸಳೆಯ ಹಲ್ಲಿಗೂ. ಎರಡೂ ಶಂಕುವಿನಂತೆ ದುಂಡಗೆ ಇರುತ್ತವೆ. ಎರಡರಲ್ಲಿಯೂ ಅಂಚಿನ ಗೆರೆಗಳು ಎರಡಿರುತ್ತವೆ. ಸ್ಪೈನೊಸಾರಸ್ ಹಲ್ಲಿನಲ್ಲಿ ಆ ಅಂಚುಗಳು ಹಿಂದಕ್ಕೂ ಮುಂದಕ್ಕೂ ಇದ್ದು, ಹಲ್ಲು ಬಾಗಿದ್ದರೆ ಹಿಂದಕ್ಕೆ ಬಾಗಿರುತ್ತದೆ. ಮೊಸಳೆಯ ಹಲ್ಲಿನಲ್ಲಿ ಸಾಮಾನ್ಯವಾಗಿ ಬಾಗು ನಾಲಗೆಯ ಕಡೆಗೆ. ಅಂಚುಗಳು ಆ ಬಾಗಿನ ಎರಡು ಪಕ್ಕಗಳಿಗೆ ಬರುತ್ತವೆ. ಸ್ಪೈನೊಸಾರಸ್ ಹಲ್ಲಿನ ಮೈಮೇಲೆ ಉದ್ದುದ್ದವಾಗಿ ಸಣ್ಣ ಏಣುಗಳಿರುವುದುಂಟು. ಅಂಚಿನಲ್ಲಿ ಕಕ್ಕು ಇರುವುದಿಲ್ಲ. ಆದರೆ ಅದೇ ಮನೆತನಕ್ಕೆ ಸೇರಿದ, ಇಂಗ್ಲೆಂಡಿನಲ್ಲಿ ಸಿಕ್ಕಿದ ಬ್ಯಾರಿಯೊನಿಕ್ಸ್‌ನ ಹಲ್ಲಿಗೆ ಬಹು ನವುರಾದ ಕಕ್ಕು ಇದೆ. ಆದಕಾರಣ ಒಂದೇ ಲಕ್ಷಣವನ್ನು ಹಿಡಿದು ತೀರ್ಪು ಕೊಡಲಾಗದು.

ಮೂರನೆಯ ಪ್ರಶ್ನೆ ಮನೆತನದ್ದು. ಇಲ್ಲಿ ಕಣ್ಣಿನ ಜೊತೆಗೆ ಅಳತೆಗೋಲೂ ಬೇಕು. ಹಲ್ಲಿನ ಎತ್ತರ, ಬುಡದ ಉದ್ದ, ಬುಡದ ದಪ್ಪ ಈ ಮೂರನ್ನು ಅಳೆಯಬೇಕು. ಬಳಿಕ ಮುಂದಂಚು, ಹಿಂದಂಚುಗಳಲ್ಲಿ 5 ಮಿಲಿಮೀಟರ್ ಉದ್ದಕ್ಕೆ ಎಷ್ಟು ಕಕ್ಕುಗಳಿವೆ ಎಂದು ಬೇರೆ ಬೇರೆಯಾಗಿ ಎಣಿಸಬೇಕು. ಎರಡು ಅಂಚುಗಳ ಕಕ್ಕು ಒಂದೇ ಗಾತ್ರದ್ದೋ, ಮುಂದಿನದು ಬಹಳ ಸಣ್ಣದೋ ಎಂಬುದು ಮುಖ್ಯವಾದ ಸುಳಿವು. ವೆಲೊಸಿರ್ಯಾಪ್ಟರ್ ಮನೆತನದವುಗಳ ಹಲ್ಲು ಚೆನ್ನಾಗಿ ಹಿಂದಕ್ಕೆ ಬಾಗಿದ್ದು, ಅನೇಕದರಲ್ಲಿ ಮುಂದಂಚಿನ ಕಕ್ಕು ಹಿಂದಂಚಿನದಕ್ಕಿಂತ ಎದ್ದು ಕಾಣುವಷ್ಟು ಸಣ್ಣದು. ಅಬೆಲಿಸಾರಸ್ ಮನೆತನದಲ್ಲಿ ಹಲ್ಲು ಗಿಡ್ಡ. ಮುಂದಂಚು ಬಿಲ್ಲಿನಂತೆ ಬಾಗಿದ್ದರೂ ಹಿಂದಂಚು ಹೆಚ್ಚುಕಡಿಮೆ ನೇರ. ಎರಡೂ ಕಡೆಯ ಕಕ್ಕು ಸಮಗಾತ್ರ. ಕಾರ್ಕರೊಡಾಂಟೊಸಾರಸ್‌ನ ಹಲ್ಲು ದೊಡ್ಡದು, ತೆಳ್ಳನೆಯ ಅಲಗಿನಂಥದು. ಅಂಚಿನ ಹತ್ತಿರ ಎನಾಮಲ್ ನೆರಿಗೆಗಟ್ಟಿರುತ್ತದೆ. ಅಮೆರಿಕದ ಟಿರಾನೊಸಾರಸ್‌ನ ಪಕ್ಕದ ಹಲ್ಲು ದಪ್ಪ. ಮೂತಿಯ ಮುಂದಿನ ಹಲ್ಲನ್ನು ಅಡ್ಡ ಕೊಯ್ದರೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು. ಒಂದೇ ಬಾಯಲ್ಲಿ ಎರಡು ಆಕಾರ! ಇದನ್ನು ತಿಳಿಯದೆ ಹಿಂದಿನವರು ಒಂದೇ ಬಳಗದ ಹಲ್ಲುಗಳಿಗೆ ಎರಡು ಹೆಸರುಗಳನ್ನಿಟ್ಟದ್ದೂ ಉಂಟು.

ಸೊಪ್ಪು ತಿನ್ನುವವುಗಳ ಹಲ್ಲುಗಳನ್ನು ಕೊಳ್ಳುವವರು ವಿಶೇಷವಾಗಿ ಲಕ್ಷಿಸುವುದಿಲ್ಲ. ಆದರೆ ಹೊಸಬರಿಗೆ ಅವೇ ಒಳ್ಳೆಯ ಗುರುಗಳು. ಮೂರು ಕೊಂಬಿನ ಟ್ರೈಸೆರಟಾಪ್ಸ್ ಬಳಗದ ಹಲ್ಲಿನ ಬೇರು ಎರಡಾಗಿ ಕವಲೊಡೆದಿರುತ್ತದೆ. ಬಾತುಮೂತಿಯವುಗಳ ಹಲ್ಲು ವಜ್ರಾಕೃತಿಯದು, ನಡುವೆ ಒಂದೇ ಏಣು. ಸವೆದು ಬಿದ್ದವಾದರೆ ಬೆಲೆಯೂ ಕಡಿಮೆ. ಕೃತಕವಾಗಿ ಮಾಡುವ ಆಸೆಯೂ ವ್ಯಾಪಾರಿಗೆ ಕಡಿಮೆ.

ಇಷ್ಟೆಲ್ಲ ಅಳೆದರೂ ದೊರೆಯುವುದು ಸಾಮಾನ್ಯವಾಗಿ ಮನೆತನದ ಹೆಸರು, ವ್ಯಕ್ತಿಯ ಹೆಸರಲ್ಲ. ‘ಇದು ಸ್ಪೈನೊಸಾರಸ್ ಬಳಗದ್ದು’ ಎಂದು ಧೈರ್ಯವಾಗಿ ಹೇಳಬಹುದು. ಇಂಥದೇ ಪ್ರಭೇದ ಎಂದು ಒಂಟಿ ಹಲ್ಲಿನಿಂದ ಹೇಳುವುದು ಕಷ್ಟ. ವಿಜ್ಞಾನಿಗಳು ಹಾಗೆಯೇ ಬರೆದು ನಿಲ್ಲಿಸುತ್ತಾರೆ. ವ್ಯಾಪಾರಿಗೆ ಅದು ಸಾಲದು. ‘ಯಾವುದೋ ಅಬೆಲಿಸಾರ್’ ಎಂಬ ಚೀಟಿಗೆ ಗಿರಾಕಿ ಹೆಚ್ಚು ಹಣ ಕೊಡುವುದಿಲ್ಲ; ‘ರ್ಯಾಪ್ಟರ್’ ಎಂಬ ಚೀಟಿಗೆ ಕೊಡುತ್ತಾನೆ. ಕೆಮ್ ಕೆಮ್ ಪ್ರದೇಶದ ಸಣ್ಣ ಚಪ್ಪಟೆ ಹಲ್ಲುಗಳಿಗೆ ‘ರ್ಯಾಪ್ಟರ್’ ಎಂದೋ ‘ಡೆಲ್ಟಾಡ್ರೋಮಿಯಸ್’ ಎಂದೋ ಹೆಸರು ಬಿದ್ದಿರುವುದರ ಗುಟ್ಟು ಇದು. ಸರ್ವಜ್ಞನ ಹೆಸರಿಗೆ ಪದ್ಯಗಳು ಸೇರಿದ ಹಾಗೆಯೇ.

ಡೆಲ್ಟಾಡ್ರೋಮಿಯಸ್‌ನ ಸಂಗತಿಯಂತೂ ಸ್ವಾರಸ್ಯವಾಗಿದೆ. 1996ರಲ್ಲಿ ಪಾಲ್ ಸೆರೆನೊ ಮತ್ತು ಸಂಗಡಿಗರು ಆ ಪ್ರಾಣಿಗೆ ಹೆಸರಿಟ್ಟರು. ಅವರಿಗೆ ಸಿಕ್ಕಿದ್ದು ಕೈಕಾಲು, ಸೊಂಟ, ಬಾಲ ಮೊದಲಾದವುಗಳ ಎಲುಬುಗಳು. ತಲೆಬುರುಡೆ ಸಿಕ್ಕಲಿಲ್ಲ, ಹಲ್ಲೂ ಸಿಕ್ಕಲಿಲ್ಲ. ಹಲ್ಲೇ ಕಾಣದ ಪ್ರಾಣಿಯ ಹಲ್ಲು ಎಂದು ಒಂದನ್ನು ಗುರುತಿಸುವುದು ಹೇಗೆ? ಹೋಲಿಸಲು ಮೂಲಪ್ರತಿಯೇ ಇಲ್ಲ! ಆದರೂ ಆ ಹೆಸರಿನ ಚೀಟಿ ಹೊತ್ತು ಎಷ್ಟೋ ಹಲ್ಲುಗಳು ಮಾರಾಟವಾಗುತ್ತಿವೆ. ನಮ್ಮ ಹುಡುಗಿಯ ಡಬ್ಬಿಯಲ್ಲಿದ್ದುದೂ ಅವುಗಳಲ್ಲೊಂದು.

ಇನ್ನು ನಾಲ್ಕನೆಯ ಪ್ರಶ್ನೆ: ಎಲ್ಲಿ ಸಿಕ್ಕಿದ್ದು? ಕೊಳ್ಳುವವರು ಕೊನೆಯಲ್ಲಿ ಕೇಳುವ, ಅನೇಕ ವೇಳೆ ಕೇಳುವುದನ್ನೇ ಮರೆಯುವ ಪ್ರಶ್ನೆ ಇದು. ನನ್ನ ದೃಷ್ಟಿಯಲ್ಲಿ ಉಳಿದ ಮೂರಕ್ಕಿಂತ ಇದೇ ದೊಡ್ಡದು. ಇದಕ್ಕೆ ಒಂದು ಕಥೆಯೇ ಸಾಕ್ಷಿ.

ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ ಎಂಬ ವಿದ್ವಾಂಸ ಈಜಿಪ್ಟಿನ ಮರುಭೂಮಿಯಿಂದ ತಂದ ಎಲುಬುಗಳನ್ನು ಆಧರಿಸಿ 1915ರಲ್ಲಿ ಸ್ಪೈನೊಸಾರಸ್‌ಗೆ ಹೆಸರಿಟ್ಟ. ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿದ್ದ ಆ ಎಲುಬುಗಳು 1944ರ ಏಪ್ರಿಲ್ ತಿಂಗಳ ಬಾಂಬ್ ದಾಳಿಯಲ್ಲಿ ನಾಶವಾದವು. ಉಳಿದದ್ದು ಬರಹ ಮತ್ತು ಚಿತ್ರ ಮಾತ್ರ. 2008ರಲ್ಲಿ ನಿಜಾರ್ ಇಬ್ರಾಹಿಂ ಎಂಬ ತರುಣ ವಿಜ್ಞಾನಿಗೆ ಮೊರಾಕೊದ ಎರ್ಫೂದ್ ಊರಿನಲ್ಲಿ ಮೀಸೆಯ ಮನುಷ್ಯನೊಬ್ಬ ಒಂದು ಪೆಟ್ಟಿಗೆಯಲ್ಲಿ ಕೆಲವು ಎಲುಬಿನ ತುಂಡುಗಳನ್ನು ತಂದು ತೋರಿಸಿದ. ಮುಂದಿನ ವರ್ಷ ಇಟಲಿಯ ಮಿಲಾನ್ ನಗರದ ಸಂಗ್ರಹಾಲಯದಲ್ಲಿ, ವ್ಯಾಪಾರಿಗಳ ಕೈ ದಾಟಿ ಬಂದಿದ್ದ ಸ್ಪೈನೊಸಾರಸ್ ಎಲುಬುಗಳನ್ನು ಇಬ್ರಾಹಿಂ ನೋಡಿದರು. ಎರಡರ ಅಡ್ಡಕೊಯ್ತವೂ ಒಂದೇ ಬಗೆ! ಎರಡೂ ಒಂದೇ ಪ್ರಾಣಿಯವು ಎಂದು ಅವರಿಗೆ ಹೊಳೆಯಿತು. ಆದರೆ ಅಗೆದ ಸ್ಥಳ ಗೊತ್ತಿಲ್ಲ, ಮನುಷ್ಯನ ಹೆಸರೂ ಗೊತ್ತಿಲ್ಲ, ಗೊತ್ತಿರುವುದು ಮೀಸೆಯೊಂದೇ. 2013ರಲ್ಲಿ ಎರ್ಫೂದಿಗೆ ಮರಳಿ ಹುಡುಕಿ ಹುಡುಕಿ ಸೋತು ಕಾಫಿ ಅಂಗಡಿಯಲ್ಲಿ ಕುಳಿತಿದ್ದಾಗ, ಅದೇ ಮನುಷ್ಯ ಎದುರಿಗೇ ಹಾದುಹೋದ. ಅವನು ತೋರಿಸಿದ ಸ್ಥಳದಲ್ಲಿ ಮತ್ತಷ್ಟು ಎಲುಬುಗಳು ದೊರೆತವು. 2014ರಲ್ಲಿ ಸ್ಪೈನೊಸಾರಸ್ ಮತ್ತೆ ಲೋಕಕ್ಕೆ ಪರಿಚಯವಾಯಿತು. ಬಳಿಕ ಬಾಲವೂ ಸಿಕ್ಕಿ, 2020ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಎಲುಬುಗಳು ಮೊದಲೇ ಕೈಗೆ ಬಂದಿದ್ದವು. ವಿದ್ವಾಂಸರು ಐದು ವರ್ಷ ಹುಡುಕಿದ್ದು ಎಲುಬನ್ನಲ್ಲ, ಅದರ ಊರನ್ನು.

ಸ್ಥಳ ಗೊತ್ತಿದ್ದರೆ ಹಲ್ಲೂ ಮಾತನಾಡುತ್ತದೆ. 2020ರಲ್ಲಿ ಕೆಮ್ ಕೆಮ್ ಪ್ರದೇಶದ ಒಂದೇ ತಾಣದಿಂದ ಸಂಗ್ರಹಿಸಿದ ಸುಮಾರು 1,200 ಹಲ್ಲುಗಳನ್ನು ಎಣಿಸಿ ನೋಡಿದಾಗ, ಅವುಗಳಲ್ಲಿ 100ಕ್ಕೆ ಸುಮಾರು 45ರಷ್ಟು ಸ್ಪೈನೊಸಾರಸ್‌ನವೇ ಆಗಿದ್ದವು. ನದಿಯ ಮರಳಿನಲ್ಲಿ ಇಷ್ಟು ಹಲ್ಲು ಉದುರಬೇಕಾದರೆ ಆ ಪ್ರಾಣಿ ನೀರಿನಲ್ಲಿಯೇ ಬಹುಕಾಲ ಕಳೆಯುತ್ತಿದ್ದಿರಬೇಕೆಂದು ಆ ಅಧ್ಯಯನ ಮಾಡಿದವರು ತರ್ಕಿಸಿದರು. ಸಂತೆಯಿಂದ ಆರಿಸಿ ತಂದ 1,200 ಹಲ್ಲುಗಳಿಂದ ಇಂಥ ತರ್ಕ ಸಾಧ್ಯವಿಲ್ಲ.

ಸ್ಥಳವನ್ನು ಬರೆದಿಡುವುದರಿಂದ ಇನ್ನೊಂದು ಲಾಭವಿದೆ. ಹೆಸರು ಬದಲಾದರೂ ಚೀಟಿ ಕೆಡುವುದಿಲ್ಲ. ಅಮೆರಿಕದ ಹೆಲ್ ಕ್ರೀಕ್ ಸ್ತರಗಳಲ್ಲಿ ಸಿಕ್ಕುವ ಸಣ್ಣ ಟಿರಾನೊಸಾರ್ ಹಲ್ಲುಗಳನ್ನೇ ನೋಡಿ. 1988ರಲ್ಲಿ ಒಂದು ಸಣ್ಣ ತಲೆಬುರುಡೆಗೆ ನ್ಯಾನೊಟಿರಾನಸ್ ಎಂದು ಹೆಸರಿಟ್ಟರು. ಮುಂದೆ ಬಹುಮಂದಿ ವಿದ್ವಾಂಸರು, ಅದು ಬೇರೆ ಪ್ರಾಣಿಯಲ್ಲ, ಟಿರಾನೊಸಾರಸ್‌ನ ಮರಿ ಎಂದರು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಮರಿಯಲ್ಲ, ಬೆಳೆದ ಬೇರೆ ಪ್ರಾಣಿಯೇ ಎಂದು ಮತ್ತೆ ವಾದಿಸಿ, ಬಲವಾದ ಆಧಾರ ಕೊಟ್ಟಿದೆ. 40 ವರ್ಷಗಳೊಳಗೆ ಹೆಸರು ಹೋಗಿ ಬಂದಿತು. ಈ ನಡುವೆ ಹಲ್ಲು ಕೊಂಡವರಲ್ಲಿ ಸ್ಥಳ, ಸ್ತರಗಳನ್ನು ಬರೆದಿಟ್ಟವನು ಚೀಟಿಯನ್ನು ತಿದ್ದಿಕೊಳ್ಳಬಲ್ಲ. ಹೆಸರನ್ನಷ್ಟೇ ಕೊಂಡವನ ಬಳಿ ಉಳಿಯುವುದು ಹಳೆಯ ವಾದದ ಒಂದು ಪಕ್ಷ ಮಾತ್ರ.

ಸ್ಥಳದ ಪ್ರಶ್ನೆಯೊಳಗೆ ಧರ್ಮದ ಪ್ರಶ್ನೆಯೂ ಅಡಗಿದೆ. ಮಂಗೋಲಿಯದಲ್ಲಿ ಪಳೆಯುಳಿಕೆಗಳು ದೇಶದ ಸ್ವತ್ತು, ಹೊರಗೆ ಮಾರುವಂತಿಲ್ಲ. 2012ರ ಮೇ ತಿಂಗಳಲ್ಲಿ ಅಲ್ಲಿಯ ಟಾರ್ಬೊಸಾರಸ್ ಅಸ್ಥಿಪಂಜರವೊಂದನ್ನು ನ್ಯೂಯಾರ್ಕಿನಲ್ಲಿ 10 ಲಕ್ಷ ಡಾಲರಿಗೂ ಮೀರಿ ಹರಾಜು ಕೂಗಲಾಯಿತು. ಮಂಗೋಲಿಯದ ಸರ್ಕಾರ ತಕರಾರೆತ್ತಿ, ವಿಚಾರ ನ್ಯಾಯಾಲಯಕ್ಕೆ ಹೋಗಿ, ಮರುವರ್ಷ ಅದು ತನ್ನ ನಾಡಿಗೆ ಮರಳಿತು. ಅಮೆರಿಕದಲ್ಲಿಯೇ ಖಾಸಗಿ ಜಮೀನಿನಲ್ಲಿ ಸಿಕ್ಕಿದ್ದನ್ನು ಮಾರಬಹುದು. ಕೇಂದ್ರ ಸರ್ಕಾರದ ನೆಲದಿಂದ ತೆಗೆದ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಯನ್ನು ಮಾರುವುದು 2009ರ ಕಾನೂನಿನಂತೆ ಅಪರಾಧ. ಹಲ್ಲು ಚಿಕ್ಕದು, ಅಂಗಿಯ ಜೇಬಿನಲ್ಲಿ ಗಡಿ ದಾಟಬಲ್ಲದು. ಆದ್ದರಿಂದಲೇ ‘ಎಲ್ಲಿಯದು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದ ಹಲ್ಲನ್ನು ಮುಟ್ಟದಿರುವುದು ಲೇಸು.

ನಮ್ಮ ನಾಡಿನ ಮಾತೇನು? ಕರ್ನಾಟಕದ ನೆಲ ಬಹುಮಟ್ಟಿಗೆ ಡೈನೊಸಾರ್‌ಗಳಿಗಿಂತ ಎಷ್ಟೋ ಹಳೆಯ ಶಿಲೆಗಳಿಂದಾದದ್ದು. ಆದರೆ ಭಾರತದಲ್ಲಿ ಬೇರೆಡೆ ಬಿಡಿ ಹಲ್ಲುಗಳು ಸಿಕ್ಕಿವೆ. ಅವೂ ಇದೇ ಪಾಠವನ್ನು ಹೇಳುತ್ತವೆ. ಜಬಲ್ಪುರದ ಕಡೆಯ ಒಂದೇ ಒಂದು ಹಲ್ಲಿನ ಮೇಲೆ 1931ರಲ್ಲಿ ದಾಸ್‌ಗುಪ್ತ ಎಂಬ ವಿದ್ವಾಂಸರು ಆರ್ಥೊಗೊನಿಯೊಸಾರಸ್ ಎಂಬ ಹೆಸರನ್ನಿಟ್ಟರು. ಇಂದು ಅದನ್ನು ಸಂದೇಹದ ಹೆಸರುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಪಕ್ಕದ ತಮಿಳುನಾಡಿನ ಕಾವೇರಿ ಕೊಳ್ಳದ ಕಲ್ಲಮೇಡು ಸ್ತರಗಳಲ್ಲಿ ದೊರೆತ ಒಂದು ಪುಟ್ಟ ಹಲ್ಲನ್ನು 2013ರಲ್ಲಿ ವಿಜ್ಞಾನಿಗಳು ಟ್ರೂಡಾನ್ ಮನೆತನದ್ದೆಂದು ಪ್ರಕಟಿಸಿದರು. ಅವರು ಮನೆತನವನ್ನು ಹೇಳಿದರು. ಹೊಸ ಪ್ರಾಣಿಗೆ ಹೆಸರಿಡಲಿಲ್ಲ. ಆ ಸಂಯಮವೇ ಅವರ ಬರಹದ ತೂಕ ಎಂದು ನನಗೆ ತೋರುತ್ತದೆ.

ಈಗ ನಮ್ಮ ಹುಡುಗಿಯ ಹಲ್ಲಿಗೆ ಹಿಂದಿರುಗೋಣ. ತಂದೆಮಗಳು ಮತ್ತೆ ಬಂದಾಗ, ನನ್ನ ಮಿತ್ರರ ಮನೆಯ ಮೇಜಿನ ಮೇಲೆ ಆ ಹಲ್ಲನ್ನಿಟ್ಟು ನಾಲ್ವರೂ ಪರೀಕ್ಷಿಸಿದೆವು. ತುದಿಯಿಂದ ಅರ್ಧ ಸೆಂಟಿಮೀಟರ್ ಕೆಳಗೆ ಕೂದಲೆಳೆಯಷ್ಟು ಅಗಲದ ಮರಳಿನ ಗೆರೆ. ಅತಿನೇರಳೆ ದೀಪದಲ್ಲಿ ಅದು ತಿಳಿನೀಲಿಯಾಗಿ ಹೊಳೆಯಿತು. ತುದಿ ಬೇರೊಂದು ಹಲ್ಲಿನದು. ಗೆರೆಯ ಕೆಳಗಿನದು ನಿಜವಾದ ಹಲ್ಲೇ. ಹಿಂದಂಚು ನೇರ, ಮುಂದಂಚು ಬಾಗು. ಕಕ್ಕುಗಳನ್ನು ಹುಡುಗಿಯೇ ಮೂರು ಸಲ ಎಣಿಸಿದಳು. ಎರಡು ಕಡೆಯೂ ಸಮವಾಗಿ ಬಂದವು. ಪ್ರಾಯಶಃ ಅಬೆಲಿಸಾರಸ್ ಮನೆತನದ್ದು. ಅದಕ್ಕಿಂತ ಮುಂದೆ ಹೋಗಲು ಅಧಿಕಾರವಿಲ್ಲ ಎಂದರು ನನ್ನ ಮಿತ್ರರು.

ಹುಡುಗಿಯ ಮುಖ ಸಣ್ಣದಾಯಿತು. “ಹಾಗಾದರೆ ಇದು ಸುಳ್ಳೇ, ತಾತ?” ಎಂದಳು.

ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂದು ನನಗೆ ಕ್ಷಣಕಾಲ ತಿಳಿಯಲಿಲ್ಲ. ಎಳೆಯ ಮನಸ್ಸಿನ ಸಂತೋಷ ದೊಡ್ಡದೋ, ಸತ್ಯ ದೊಡ್ಡದೋ? ಆಮೇಲೆ ಹೇಳಿದೆ: “ಹಲ್ಲು ಸುಳ್ಳಲ್ಲ ಮಗು. 10 ಕೋಟಿ ವರ್ಷಗಳ ಹಿಂದೆ ಒಂದು ಪ್ರಾಣಿ ಇದರಿಂದಲೇ ಮಾಂಸ ಹರಿದು ತಿಂದಿದೆ. ಸುಳ್ಳಾಗಿರುವುದು ಚೀಟಿ. ಹಲ್ಲು ಏನನ್ನೂ ಹೇಳಿಕೊಂಡಿರಲಿಲ್ಲ, ನಾವು ಹೇಳಿಸಿದೆವು.” ಅವಳು ಸ್ವಲ್ಪ ಹೊತ್ತು ಯೋಚಿಸಿ, ಭೂತಗನ್ನಡಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಆಗ ನನ್ನ ಮನಸ್ಸು ಹಗುರವಾಯಿತು.

ವ್ಯಾಪಾರಿಗೆ ಅವಳೇ ಪತ್ರ ಬರೆದಳು. ದೊಡ್ಡ ಹಲ್ಲಿನ ವಿಷಯವಾಗಿ ನಾಲ್ಕು ಪ್ರಶ್ನೆಗಳು. ಉತ್ತರ ಒಂದೇ ಸಾಲಿನಲ್ಲಿ ಬಂತು: ಹಲ್ಲು ಉತ್ತಮವಾಗಿದೆ, ಬೇಗ ನಿರ್ಧರಿಸಿ ಎಂದು. ತಂದೆ ಅದನ್ನು ಕೊಳ್ಳಲಿಲ್ಲ. ಆ ಹಣದಲ್ಲಿ ಸ್ವಲ್ಪ ಭಾಗವನ್ನು ವೆಚ್ಚಮಾಡಿ ಮಗಳಿಗೆ ಒಳ್ಳೆಯ ಭೂತಗನ್ನಡಿಯನ್ನೂ ಅಳತೆಯ ಉಪಕರಣವನ್ನೂ ಕೊಡಿಸಿದರು.

ಮೊನ್ನೆ ಅವಳ ಸಂಗ್ರಹವನ್ನು ನೋಡಿ ಬಂದೆ. ಡಬ್ಬಿಯ ಮೇಲೆ ಅವಳ ಕೈಬರಹದ ಹೊಸ ಚೀಟಿ: ‘ಮಾಂಸಾಹಾರಿ ಡೈನೊಸಾರಿನ ಹಲ್ಲು. ಪ್ರಾಯಶಃ ಅಬೆಲಿಸಾರಸ್ ಮನೆತನ. ಮೊರಾಕೊ, ಬಹುಶಃ ಕೆಮ್ ಕೆಮ್. ಸರಿಯಾದ ಸ್ಥಳ ತಿಳಿಯದು. ತುದಿ ಬೇರೆ ಹಲ್ಲಿನದು.’ ಹಳೆಯ ಅಚ್ಚಿನ ಚೀಟಿಯನ್ನು ಅವಳು ಎಸೆದಿರಲಿಲ್ಲ; ಮಡಿಚಿ ಹತ್ತಿಯ ಕೆಳಗೆ ಇಟ್ಟಿದ್ದಳು. ಏಕೆಂದು ಕೇಳಿದೆ. “ನೀವೇ ಹೇಳಿದ್ದಿರಲ್ಲ ತಾತ, ತಪ್ಪು ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳಬೇಕು ಅಂತ” ಎಂದಳು.